ಪರದೇಶದ ರೈಲಿನಲ್ಲಿ ಪೆಟ್ಟಿಗೆ ಹಿಡಿದವರ ಜೇಬು

ಅತ್ತಿಗೆಯ ಕೈಚೀಲದ ಜಿಪ್ಪು ಹಾಕಿದಂತೆಯೇ ಇತ್ತು. ಹೋಟೆಲಿನ ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೇಳಿದಾಗ ಅವರು ಜಿಪ್ಪು ಸರಿಸಿ, ಒಳಗೆ ಕೈ ಹಾಕಿ, ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆಯ ಪಟ್ಟಿ, ಕರವಸ್ತ್ರ ಎಂದು ಒಂದೊಂದನ್ನೇ ತೆಗೆದು ಕೌಂಟರಿನ ಮೇಲಿಟ್ಟರು. ಕೊನೆಗೆ ಚೀಲವನ್ನೇ ಬೋರಲು ಹಾಕಿದರು. ಪಾಸ್‌ಪೋರ್ಟು, 300 ಯೂರೊ ಮತ್ತು ವಿದೇಶಿ ಹಣ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡು ಇದ್ದ ಕೆಂಪು ಪರ್ಸು ಮಾತ್ರ ಅದರಲ್ಲಿರಲಿಲ್ಲ. ಕದ್ದವರು ಪರ್ಸನ್ನು ಎತ್ತಿಕೊಂಡ ಮೇಲೆ ಜಿಪ್ಪನ್ನು ಮೊದಲಿದ್ದಂತೆಯೇ ಎಳೆದು ಹೋಗಿದ್ದರು. ಹೀಗಾಗಿ ಸುಮಾರು ಮುಕ್ಕಾಲು ಗಂಟೆ ನಮ್ಮ ಮೂವರಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ.

ಇದು ಕಳೆದ ವರ್ಷ ಏಪ್ರಿಲಿನಲ್ಲಿ ಇಟಲಿಯ ಒಂದು ದೊಡ್ಡ ನಗರದಲ್ಲಿ ನಡೆದದ್ದು. ಇಷ್ಟು ದಿನ ಇದನ್ನು ಬರೆಯದೆ ಇದ್ದದ್ದು ಅತ್ತಿಗೆಯ ಮನಸ್ಸಿಗೆ ನೋವಾಗಬಾರದೆಂದು. ಈಗ ಅವರೇ, "ಬರೆ, ನಾಲ್ಕು ಜನಕ್ಕೆ ಉಪಯೋಗವಾಗಲಿ" ಎಂದಿದ್ದಾರೆ. ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ನಮ್ಮ ಕೊಡಗಿನಿಂದ ವಿದೇಶ ಪ್ರವಾಸಕ್ಕೆ ಹೊರಡುವವರು ನಾನು ಕಂಡಂತೆ ಹೆಚ್ಚಾಗಿದ್ದಾರೆ. ಅವರಲ್ಲಿ ಅನೇಕರು ಅರವತ್ತು ದಾಟಿದವರು, ಮಕ್ಕಳನ್ನು ನೋಡಲು ಮೊದಲ ಬಾರಿ ಹೊರಟವರು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಬರಹ.

ನಡೆದದ್ದು ಇಷ್ಟು. ನಾನು, ನಮ್ಮ ಯಜಮಾನರು ಮತ್ತು ಅತ್ತಿಗೆ ಮೂರು ದಿನ ಇಟಲಿಯಲ್ಲಿದ್ದು, ಆಮೇಲೆ ಜರ್ಮನಿಯಲ್ಲಿರುವ ಅತ್ತಿಗೆಯ ಮಗನ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮೂವರ ನಡುವೆ ಐದು ಸಾಮಾನುಗಳಿದ್ದವು. ಅವುಗಳಲ್ಲಿ ಅತ್ಯಂತ ಭಾರವಾದ ಪೆಟ್ಟಿಗೆ ಮಗನಿಗೆಂದು ಕಟ್ಟಿದ್ದು: ಮನೆಯ ಕಾಫಿಪುಡಿ, ಕಾಳುಮೆಣಸು, ಕಡಂಬುಟ್ಟಿನ ಅಕ್ಕಿ ತರಿ, ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ನಮ್ಮ ಅಡುಗೆಯ ಹುಳಿಯಾದ ಕಾಚಂಪುಲಿಯ ಬಾಟಲಿ. ವಿಮಾನ ನಿಲ್ದಾಣದಿಂದ ಊರೊಳಗಿನ ದೊಡ್ಡ ನಿಲ್ದಾಣದವರೆಗೆ ಆರಾಮವಾಗಿಯೇ ಬಂದೆವು. ಅಲ್ಲಿಂದ ಹೋಟೆಲಿಗೆ ನಾಲ್ಕೇ ನಿಲ್ದಾಣಗಳ ಮೆಟ್ರೊ ಪ್ರಯಾಣ. ಅಷ್ಟಕ್ಕೆ ಟ್ಯಾಕ್ಸಿ ಏಕೆಂದು ನಾನೇ ಹೇಳಿದೆ. ರೈಲಿನ ಬಾಗಿಲಲ್ಲಿ ನೂಕುನುಗ್ಗಲು. ಯಜಮಾನರು ಎರಡು ಪೆಟ್ಟಿಗೆಗಳೊಂದಿಗೆ ಒಳಗೆ ಹೋದರು, ನಾನು ಹಿಂದೆ, ನನ್ನ ಹಿಂದೆ ಅತ್ತಿಗೆ. ಅವರ ಪೆಟ್ಟಿಗೆಯ ಚಕ್ರ ಬಾಗಿಲಿನ ಸಂದಿಗೆ ಸಿಕ್ಕಿಕೊಂಡಿತು. ಕಾಲೇಜು ಹುಡುಗಿಯರಂತೆ ಕಾಣುತ್ತಿದ್ದ ಇಬ್ಬರಲ್ಲಿ ಒಬ್ಬಳು ನಗುತ್ತಾ ಬಗ್ಗಿ ಪೆಟ್ಟಿಗೆಯನ್ನು ಎತ್ತಿಕೊಟ್ಟಳು. ಇನ್ನೊಬ್ಬಳು ತೋಳಿನ ಮೇಲೆ ದುಪಟ್ಟಾದಂಥ ಬಟ್ಟೆ ಹಾಕಿಕೊಂಡು ಅತ್ತಿಗೆಯ ಪಕ್ಕಕ್ಕೆ ಒತ್ತಿ ನಿಂತಿದ್ದಳು. ಬಾಗಿಲು ಮುಚ್ಚುವ ಸದ್ದಾದಾಗ ಇಬ್ಬರೂ ಇಳಿದುಬಿಟ್ಟರು. "ಪಾಪ, ಎಷ್ಟು ಒಳ್ಳೆಯ ಮಕ್ಕಳು ನೋಡು, ನಮ್ಮಿಂದಾಗಿ ಅವರಿಗೆ ರೈಲು ತಪ್ಪಿತು" ಎಂದು ಅತ್ತಿಗೆ ನನಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಊರಿಗೆ ಬಂದ ಮೇಲೆ ಅತ್ತಿಗೆ ಕೇಳಬೇಕಾಗಿ ಬಂದ ಮಾತುಗಳು ಕಳ್ಳತನಕ್ಕಿಂತ ಹೆಚ್ಚು ನೋವು ಕೊಟ್ಟವು. "ಸ್ವಲ್ಪ ಹುಷಾರಾಗಿ ಇರಬಾರದಿತ್ತೇ?" ಎಂದು ಮದುವೆಮನೆಗಳಲ್ಲಿ, ತಿಥಿಯ ಊಟದಲ್ಲಿ ಕೂಡ ಕೇಳಿದವರಿದ್ದಾರೆ. ಈ ಪ್ರಶ್ನೆಯೇ ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಅತ್ತಿಗೆ ಮೂವತ್ತು ವರ್ಷ ತೋಟದ ಲೆಕ್ಕ ನೋಡಿಕೊಂಡವರು, ಆಳುಗಳ ಬಟವಾಡೆಯ ಹಣವನ್ನು ಬ್ಯಾಂಕಿನಿಂದ ಒಬ್ಬರೇ ಬಸ್ಸಿನಲ್ಲಿ ತಂದವರು. ಮಡಿಕೇರಿ ದಸರಾದ ರಾತ್ರಿ ದಶಮಂಟಪಗಳು ಹೊರಟಾಗ ಕಾಲಿಡಲು ಜಾಗವಿಲ್ಲದ ಜನಜಂಗುಳಿಯಲ್ಲಿ ಅವರು ಎಷ್ಟೋ ವರ್ಷ ಮಕ್ಕಳನ್ನು ಕರೆದುಕೊಂಡು ಬೆಳಗಿನ ಜಾವದವರೆಗೆ ತಿರುಗಿದ್ದಾರೆ, ಒಂದು ರೂಪಾಯಿಯನ್ನೂ ಕಳೆದುಕೊಂಡಿಲ್ಲ. ಆದರೆ ದಸರೆಯಲ್ಲಿ ಅವರ ಕೈ ಖಾಲಿ ಇರುತ್ತಿತ್ತು. ಒಂದು ಕೈ ಪರ್ಸಿನ ಮೇಲೆ, ಇನ್ನೊಂದು ಮಗುವಿನ ಭುಜದ ಮೇಲೆ. ಅಂದು ಆ ರೈಲಿನ ಬಾಗಿಲಲ್ಲಿ ಅವರ ಎರಡೂ ಕೈಗಳು ಪೆಟ್ಟಿಗೆಯ ಮೇಲಿದ್ದವು, ಕಣ್ಣು ಸಿಕ್ಕಿಬಿದ್ದ ಚಕ್ರದ ಮೇಲಿತ್ತು, ಮನಸ್ಸು ಇಡೀ ರೈಲಿಗೆ ನಮ್ಮಿಂದ ತಡವಾಗುತ್ತಿದೆಯಲ್ಲ ಎಂಬ ಸಂಕೋಚದಲ್ಲಿತ್ತು. ಇಂಥ ಹೊತ್ತಿನಲ್ಲಿ ಯಾರೂ ಹುಷಾರಾಗಿ ಇರಲಾರರು. ಜೇಬುಗಳ್ಳರು ಕಾಯುವುದು ಈ ಗಳಿಗೆಯನ್ನೇ. ಆದ್ದರಿಂದ ಎಚ್ಚರವನ್ನು ನೆಚ್ಚಿಕೊಳ್ಳದೆ, ಎಚ್ಚರ ತಪ್ಪಿದಾಗಲೂ ಕೈಗೆ ಸಿಗದಂತೆ ಮನೆಯಲ್ಲೇ ಏರ್ಪಾಡು ಮಾಡಿಕೊಂಡು ಹೊರಡಬೇಕು.

ನಮ್ಮ ಜಿಲ್ಲೆಗೆ ಇಂದಿಗೂ ರೈಲು ಬಂದಿಲ್ಲ. ನಾವು ಬಸ್ಸಿನ ಜನ. ಗೋಣಿಕೊಪ್ಪದಲ್ಲಿಯೋ ಸೋಮವಾರಪೇಟೆಯಲ್ಲಿಯೋ ಬಸ್ಸಿನ ಬಾಗಿಲಲ್ಲಿ ಚೀಲವಿಟ್ಟು, "ಸ್ವಲ್ಪ ನೋಡಿಕೊಳ್ಳಿ" ಎಂದು ಪಕ್ಕದವರಿಗೆ ಹೇಳಿ ಹಣ್ಣು ತರಲು ಹೋಗುತ್ತೇವೆ. ಬಂದಾಗ ಚೀಲ ಅಲ್ಲಿಯೇ ಇರುತ್ತದೆ. ನಾವು ಪೂರ್ತಿ ಹತ್ತುವವರೆಗೆ ಕಂಡಕ್ಟರು ಸೀಟಿ ಊದುವುದಿಲ್ಲ. ಮೆಟ್ರೊ ರೈಲು ಹಾಗಲ್ಲ. ಅದರ ಬಾಗಿಲು ಅರೆ ನಿಮಿಷ ತೆರೆದಿದ್ದರೆ ಹೆಚ್ಚು. ಕಳ್ಳನ ಕಸುಬು ನಡೆಯುವುದು ಆ ಬಾಗಿಲಿನಿಂದಲೇ. ಬಾಗಿಲು ಮುಚ್ಚುವ ಮುನ್ನ ಇಳಿದುಬಿಟ್ಟರೆ ಕಳೆದುಕೊಂಡವರನ್ನು ರೈಲೇ ದೂರಕ್ಕೆ ಹೊತ್ತೊಯ್ಯುತ್ತದೆ. ಎಸ್ಕಲೇಟರಿನ ತುದಿಯಲ್ಲಿ ಮುಂದಿನವನು ಏನನ್ನೋ ಬೀಳಿಸಿ ಥಟ್ಟನೆ ನಿಂತರೆ ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಒತ್ತುತ್ತಾರೆ, ಆ ಒತ್ತಡದಲ್ಲಿ ಹಿಂದಿರುವ ಜೊತೆಗಾರನ ಕೈ ಕೆಲಸ ಮಾಡುತ್ತದೆ. ಟಿಕೆಟ್ ಯಂತ್ರದ ಮುಂದೆ ತಾನಾಗಿ ಬಂದು ಗುಂಡಿ ಒತ್ತಿ ಸಹಾಯ ಮಾಡುವವನು ನಿಮ್ಮ ಪರ್ಸು ಎಲ್ಲಿಂದ ಹೊರಬಂದು ಎಲ್ಲಿಗೆ ಹೋಯಿತೆಂಬುದನ್ನು ನೋಡಿಕೊಳ್ಳುತ್ತಾನೆ. ಬೆನ್ನಿನ ಮೇಲೆ ಹಕ್ಕಿ ಹಿಕ್ಕೆಯಂಥದ್ದನ್ನು ಚೆಲ್ಲಿ ಒರೆಸಲು ಬರುವವರೂ ಇದ್ದಾರೆ.

ರೋಮಿನ ಟರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ಸಂಖ್ಯೆಯ ಬಸ್ಸು, ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ಆರ್‌ಇಆರ್ ಬಿ ರೈಲು, ಬಾರ್ಸಿಲೋನಾದ ಸಾಂಟ್ಸ್ ನಿಲ್ದಾಣ, ಇವುಗಳ ಹೆಸರನ್ನು ಪ್ರವಾಸಿಗಳಿಗೆ ಎಚ್ಚರಿಕೆ ಹೇಳುವವರೆಲ್ಲರೂ ಎತ್ತುತ್ತಾರೆ. ಪ್ಯಾರಿಸ್ ಮೆಟ್ರೊದಲ್ಲಂತೂ ಜೇಬುಗಳ್ಳರ ಬಗ್ಗೆ ಹಲವು ಭಾಷೆಗಳಲ್ಲಿ ಪ್ರಕಟಣೆ ಕೇಳಿಸುತ್ತದೆ. ಇಂಥದ್ದೊಂದು ಪ್ರಕಟಣೆ ಕೇಳಿದೊಡನೆ ನಮ್ಮ ಯಜಮಾನರ ಕೈ ತನ್ನಷ್ಟಕ್ಕೆ ಎಡಗಡೆಯ ಒಳಜೇಬನ್ನು ಮುಟ್ಟಿ ನೋಡಿದ್ದನ್ನು ಮುಂದೊಂದು ದಿನ ನಾನು ಗಮನಿಸಿದೆ. ಅದನ್ನು ನಾನು ಕಂಡೆನೆಂದ ಮೇಲೆ ಬೇರೆಯವರೂ ಕಾಣಬಹುದು. ಮುಟ್ಟಿ ನೋಡುವ ಅಭ್ಯಾಸವನ್ನು ಬಿಡಲೇಬೇಕು.

ಇನ್ನು ಏರ್ಪಾಡಿನ ಮಾತು. ನನ್ನ ಪ್ರಕಾರ ಮೊದಲು ಇಳಿಯಬೇಕಾದದ್ದು ಸಾಮಾನಿನ ಭಾರ. ಒಬ್ಬರಿಗೆ ಒಂದೇ ಪೆಟ್ಟಿಗೆ, ಅದೂ ಇಪ್ಪತ್ತು ಮೆಟ್ಟಿಲುಗಳನ್ನು ಯಾರ ಸಹಾಯವೂ ಇಲ್ಲದೆ ತಾವೇ ಎತ್ತಿ ಹತ್ತಬಲ್ಲಷ್ಟು ತೂಕದ್ದು. ಹೊರಡುವ ಹಿಂದಿನ ದಿನ ಅದನ್ನು ಹಿಡಿದು ಮನೆಯ ಮಹಡಿ ಹತ್ತಿ ನೋಡಿ. ಉಸಿರು ಕಟ್ಟಿದರೆ ಎರಡು ಕಿಲೊ ತೆಗೆದಿಡಿ. ಯುರೋಪಿನ ಹಳೆಯ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲದವು ಬಹಳ. ಅಂಥಲ್ಲಿ ಭಾರದ ಪೆಟ್ಟಿಗೆ ಹಿಡಿದವರು ಅಪರಿಚಿತರ ಸಹಾಯಕ್ಕೆ ಕೈಚಾಚಲೇಬೇಕಾಗುತ್ತದೆ, ಆ ಸಹಾಯ ಯಾರಿಂದ ಬರುತ್ತದೆಂದು ಆರಿಸಿಕೊಳ್ಳುವ ಅವಕಾಶ ಇರುವುದಿಲ್ಲ. ಮಕ್ಕಳಿಗೆ ಊರಿನ ರುಚಿ ತಲುಪಿಸುವ ಆಸೆ ನನಗೂ ಇದೆ, ಅದನ್ನು ಬಿಡಿ ಎಂದು ಯಾವ ತಾಯಿಗೂ ನಾನು ಹೇಳಲಾರೆ. ಆದರೆ ಆ ಪೆಟ್ಟಿಗೆಯನ್ನು ನೇರವಾಗಿ ಮಗನೋ ಮಗಳೋ ಬಂದು ಕಾಯುವ ವಿಮಾನ ನಿಲ್ದಾಣಕ್ಕೆ ಒಯ್ಯಿರಿ; ನಡುವೆ ಮೂರು ಊರು ಸುತ್ತಿಸಬೇಡಿ. ಸುತ್ತಲೇಬೇಕಿದ್ದರೆ ದೊಡ್ಡ ನಿಲ್ದಾಣಗಳಲ್ಲಿ ಹಣ ಕೊಟ್ಟು ಸಾಮಾನು ಇಡುವ ವ್ಯವಸ್ಥೆ ಇರುತ್ತದೆ.

ಎರಡನೆಯದು ಹಣದ ವಿಷಯ. ಸಾಮಾನಿನೊಂದಿಗೆ ಬಂದಿಳಿದ ದಿನ ಮತ್ತು ಹೊರಡುವ ದಿನ ಮೆಟ್ರೊ ಬೇಡ, ಟ್ಯಾಕ್ಸಿ ಮಾಡಿ. ರೋಮ್ ಮತ್ತು ಪ್ಯಾರಿಸ್‌ನಂಥ ಊರುಗಳಲ್ಲಿ ವಿಮಾನ ನಿಲ್ದಾಣದಿಂದ ನಗರದ ಒಳಭಾಗಕ್ಕೆ ಅಧಿಕೃತ ಟ್ಯಾಕ್ಸಿಗಳಿಗೆ ನಿಗದಿತ ದರವಿದೆ, ಚೌಕಾಸಿಯ ಪ್ರಶ್ನೆಯೇ ಇಲ್ಲ. ಮೂವರು ಹಂಚಿಕೊಂಡರೆ ಅದು ದೊಡ್ಡ ಮೊತ್ತವೂ ಅಲ್ಲ. ನಡುವಿನ ದಿನಗಳಲ್ಲಿ ಖಾಲಿ ಕೈಯಲ್ಲಿ ಮೆಟ್ರೊ, ಬಸ್ಸು, ಟ್ರಾಮುಗಳಲ್ಲಿ ಧಾರಾಳವಾಗಿ ಓಡಾಡಿ, ಅವು ನಿಜಕ್ಕೂ ಬಹಳ ಅನುಕೂಲ. ನಾನು ಅಂದು ಉಳಿಸಲು ಹೊರಟ ಹಣಕ್ಕಿಂತ ಎಷ್ಟೋ ಪಾಲು ಹೆಚ್ಚು ಅತ್ತಿಗೆಯ ವಾಪಸು ವಿಮಾನದ ಟಿಕೆಟ್ಟಿಗೆ ಹೋಯಿತು.

ಪಾಸ್‌ಪೋರ್ಟು ಕೈಚೀಲದಲ್ಲಿ ಇರಲೇಬಾರದು. ನಮ್ಮ ಅಜ್ಜಿಯಂದಿರು ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದುದು ನೆನಪಿದೆಯಲ್ಲ? ಅದರೊಳಗೇ ಚಿಲ್ಲರೆ, ಅದರೊಳಗೇ ಬೀಗದ ಕೈ. ನಿದ್ದೆಯಲ್ಲಿ ಕೂಡ ಅದನ್ನು ಯಾರೂ ಮುಟ್ಟಲಾಗುತ್ತಿರಲಿಲ್ಲ. ವಾಪಸು ಬಂದ ಮೇಲೆ ನಾನು ಮಡಿಕೇರಿಯಲ್ಲಿ ನಮ್ಮ ಬಟ್ಟೆ ಹೊಲಿಯುವವರ ಹತ್ತಿರ ತೆಳು ಹತ್ತಿಬಟ್ಟೆಯ ಅಂಥದ್ದೇ ಸಂಚಿ ಹೊಲಿಸಿದ್ದೇನೆ: ಪಾಸ್‌ಪೋರ್ಟಿಗಿಂತ ಎರಡು ಬೆರಳು ದೊಡ್ಡದು, ಮೇಲೆ ಜಿಪ್ಪು, ಸೊಂಟಕ್ಕೆ ಅಗಲ ಲಾಡಿ, ಬೆವರು ತಾಗದಂತೆ ಒಳಗೊಂದು ಪ್ಲಾಸ್ಟಿಕ್ ಲಕೋಟೆ. ಅದನ್ನು ಚೂಡಿದಾರದ ಒಳಗೆ, ಮುಂಭಾಗಕ್ಕೆ ಬರುವಂತೆ ಕಟ್ಟಿಕೊಳ್ಳಬೇಕು ಮತ್ತು ಬಾಗಿಲು ಹಾಕಿದ ಕೋಣೆಯಲ್ಲಲ್ಲದೆ ಬಿಚ್ಚಬಾರದು. ದಿನದ ಖರ್ಚಿಗೆ ಬೇಕಾದಷ್ಟು ಯೂರೊ ಮಾತ್ರ ಬೇರೊಂದು ಸಣ್ಣ ಪರ್ಸಿನಲ್ಲಿರಲಿ; ಹೋದರೆ ಅಷ್ಟೇ ಹೋಗುತ್ತದೆ. ಗಂಡಸರು ಪ್ಯಾಂಟಿನ ಹಿಂದಿನ ಜೇಬನ್ನು ಹೊಲಿಸಿಬಿಡುವುದೇ ಒಳ್ಳೆಯದು.

ಕಾರ್ಡುಗಳಲ್ಲಿ ಒಂದು ನಿಮ್ಮ ಬಳಿ, ಇನ್ನೊಂದು ಜೊತೆಗಾರರ ಬಳಿ ಇರಲಿ. ವಿದೇಶಿ ವಹಿವಾಟನ್ನು ನಾವೇ ತೆರೆಯುವ, ಮುಚ್ಚುವ ಮತ್ತು ಮಿತಿ ಗೊತ್ತುಮಾಡುವ ಸೌಲಭ್ಯವನ್ನು ರಿಸರ್ವ್ ಬ್ಯಾಂಕಿನ ಆದೇಶದಂತೆ 2020ರಿಂದ ಬ್ಯಾಂಕುಗಳು ಕೊಟ್ಟಿವೆ; ಆ ಮಿತಿಯನ್ನು ಕಡಿಮೆ ಇಟ್ಟುಕೊಳ್ಳಿ. ನನಗೆ ಇವೆಲ್ಲಕ್ಕಿಂತ ಭಯವಾಗುವುದು ಫೋನು ಹೋಗುವುದು. ಬ್ಯಾಂಕಿನ ಒಟಿಪಿ ಬರುವ ಸಿಮ್ಮು, ಟಿಕೆಟ್ಟು, ಹೋಟೆಲಿನ ವಿಳಾಸ, ಮಗನ ನಂಬರು ಎಲ್ಲವೂ ಅದೊಂದರಲ್ಲಿಯೇ ಇರುತ್ತವೆ. ಆದ್ದರಿಂದ ಪಾಸ್‌ಪೋರ್ಟ್ ಮತ್ತು ವೀಸಾದ ನಕಲು, ಎರಡು ಫೋಟೊ, ಬ್ಯಾಂಕಿನ ಸಹಾಯವಾಣಿ ಮತ್ತು ಮನೆಯವರ ನಂಬರುಗಳನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ತಳದಲ್ಲಿಡಿ. ರೈಲಿನ ಬಾಗಿಲ ಬಳಿಯ ಆಸನದಲ್ಲಿ ಕುಳಿತು ನಕ್ಷೆ ನೋಡಬೇಡಿ.

ತುಂಬಿದ ರೈಲು ಬಂದರೆ ಬಿಟ್ಟುಬಿಡಿ. ದೊಡ್ಡ ಊರುಗಳಲ್ಲಿ ಕೆಲವೇ ನಿಮಿಷಗಳಲ್ಲಿ ಇನ್ನೊಂದು ಬರುತ್ತದೆ. ಬೆನ್ನನ್ನು ಗೋಡೆಗೆ ಕೊಟ್ಟು ನಿಲ್ಲಿ, ಬೆನ್ನಚೀಲವನ್ನು ಎದೆಗೆ ಹಾಕಿಕೊಳ್ಳಿ. ದೂರದೂರಿನ ರೈಲುಗಳಲ್ಲಿ ಪೆಟ್ಟಿಗೆಯನ್ನು ಬಾಗಿಲ ಪಕ್ಕದ ಕಟ್ಟೆಯಲ್ಲಿಟ್ಟರೆ ಪ್ರತಿ ನಿಲ್ದಾಣದಲ್ಲೂ ಕಣ್ಣಿಡಬೇಕಾಗುತ್ತದೆ, ಇಲ್ಲವೇ ತಂತಿಯ ಬೀಗ ಹಾಕಬೇಕಾಗುತ್ತದೆ.

ಬಣ್ಣ, ವೇಷ, ಜನಾಂಗ ನೋಡಿ ಕಳ್ಳರನ್ನು ಗುರುತಿಸಬಹುದೆಂದು ನಮ್ಮವರು ಆಗಾಗ ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ಅನ್ಯಾಯದ ಮಾತು, ಜೊತೆಗೆ ಅಪಾಯದ್ದೂ ಹೌದು: ನಾವು ಹರಿದ ಬಟ್ಟೆಯವರಿಂದ ದೂರ ಸರಿದು ನಿಂತದ್ದು ಆ ಇಬ್ಬರು ಹುಡುಗಿಯರ ಪಕ್ಕಕ್ಕೇ.

ಕಳೆದುಹೋದರೆ ಏನು ಮಾಡಬೇಕೆಂಬುದನ್ನೂ ಹೇಳಿಬಿಡುತ್ತೇನೆ. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲಿಯೂ ತುರ್ತು ಕರೆಯ ಸಂಖ್ಯೆ 112. ಮೊದಲು ಕಾರ್ಡು ಮುಚ್ಚಿಸಿ, ನಂತರ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಇಟಲಿಯಲ್ಲಿ ಅದನ್ನು ದೆನುಂಚಾ ಎನ್ನುತ್ತಾರೆ. ಅದಿಲ್ಲದೆ ರಾಯಭಾರ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೆಲಸ ಮುಂದುವರಿಯುವುದು ಕಷ್ಟ. ಕದ್ದ ಹಣ ಮರಳಿ ಬರುತ್ತದೆಂಬ ಆಸೆ ಬೇಡ. ಸ್ಪೇನಿನಲ್ಲಿ 400 ಯೂರೊ ಮೀರದ ಸಾಮಾನ್ಯ ಕಳ್ಳತನ ಕಾನೂನಿನ ಪ್ರಕಾರ ಸಣ್ಣ ಅಪರಾಧ, ದಂಡದಲ್ಲಿ ಮುಗಿಯುವಂಥದ್ದು. ಪದೇ ಪದೇ ಸಿಕ್ಕಿಬೀಳುವವರಿಗಾಗಿ 2022ರಲ್ಲಿ ಅಲ್ಲಿಯ ಕಾನೂನನ್ನು ಬಿಗಿಗೊಳಿಸಬೇಕಾಯಿತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೊಗಳ ವಿಮೆ ವೈದ್ಯಕೀಯ ವೆಚ್ಚಕ್ಕೆ ಸಂಬಂಧಿಸಿದ್ದು. ಪಾಸ್‌ಪೋರ್ಟ್ ನಷ್ಟದ ಖರ್ಚು ಅದರಲ್ಲಿ ಸೇರಿದೆಯೇ ಎಂದು ಕೊಳ್ಳುವಾಗಲೇ ಓದಿ ನೋಡಿ.

ಅತ್ತಿಗೆಗೆ ಸಿಕ್ಕಿದ್ದು ಪಾಸ್‌ಪೋರ್ಟಿನ ಬದಲು ನಮ್ಮ ರಾಯಭಾರ ಕಚೇರಿ ಕೊಡುವ ತುರ್ತು ಪ್ರಮಾಣಪತ್ರ. ಅದು ಭಾರತಕ್ಕೆ ಮರಳಲು ಮಾತ್ರ. ಅದನ್ನು ಹಿಡಿದು ಜರ್ಮನಿಗೆ ಹೋಗುವಂತಿರಲಿಲ್ಲ, ವೀಸಾ ಕೂಡ ಕಳೆದ ಪಾಸ್‌ಪೋರ್ಟಿನಲ್ಲಿಯೇ ಹೋಗಿತ್ತು. ಮಗನ ಮನೆಗೆ ಒಂದೂವರೆ ಗಂಟೆಯ ವಿಮಾನ ಪ್ರಯಾಣದ ದೂರದಿಂದ ಅವರು ಬೆಂಗಳೂರಿಗೆ ಹಿಂದಿರುಗಿದರು. ಜರ್ಮನಿಗೆ ನಾವಿಬ್ಬರೇ ಹೋದೆವು. ಕಾಚಂಪುಲಿಯ ಬಾಟಲಿಯನ್ನು ಮೇಜಿನ ಮೇಲಿಟ್ಟಾಗ ಆ ಹುಡುಗ ಮೂರು ಪದರ ಪ್ಲಾಸ್ಟಿಕ್ಕನ್ನು ಬಿಚ್ಚದೆ ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡು ಕುಳಿತಿದ್ದ.

ಅತ್ತಿಗೆಗೆ ಈಗ ಹೊಸ ಪಾಸ್‌ಪೋರ್ಟು, ವೀಸಾ ಎರಡೂ ಬಂದಿವೆ. ಬರುವ ತಿಂಗಳು ಬೆಂಗಳೂರಿನಿಂದ ನೇರ ವಿಮಾನ, ಒಂದೇ ಪೆಟ್ಟಿಗೆ, ಮಗ ನಿಲ್ದಾಣಕ್ಕೇ ಬರುತ್ತಾನೆ. ಮೊನ್ನೆ ಅವರು ಸಂಚಿಯನ್ನು ಕಟ್ಟಿಕೊಂಡು ಮಹಡಿಯನ್ನು ಎರಡು ಸಲ ಹತ್ತಿ ಇಳಿದು, ಲಾಡಿಯನ್ನು ಇನ್ನೊಂದು ಬೆರಳು ಬಿಗಿಮಾಡಿಸಬೇಕೆಂದು ಹೇಳಿದ್ದಾರೆ. ನಾಳೆ ಮಡಿಕೇರಿಗೆ ಹೋಗುವಾಗ ಕೊಟ್ಟು ಬರುತ್ತೇನೆ.