ಮೈ ಮದರ್ ಬೀಟ್ಸ್ ಎವ್ರಿ ಮಾರ್ನಿಂಗ್

ನಿನ್ನೆ ಮುಂಜಾನಿ ಏಳೂವರಿಗೆ ನನ್ನ ಮಗಳ ಸಾಲಿ ಇಂಗ್ಲಿಷ್ ಮಿಸ್ಸಿಂದ ಫೋನ್ ಬಂತ್ರಿ. ಏಳೂವರಿ ಅಂದ್ರ ನಮ್ಮ ಬಾಗಲಕೋಟಿ ನವನಗರದಾಗ ಯಾವ ಹೆಣ್ಮಗಳ ಕೈನೂ ಖಾಲಿ ಇರೂದಿಲ್ಲ, ಹಂಚು ಕಾದು ಕೆಂಪಗಾಗಿರತೇತಿ, ಕೈತುಂಬ ಜ್ವಾಳದ ಹಿಟ್ಟು, ಅತ್ತಾಗ ಮಗಳು ಒಂದ ಸಾಕ್ಸ್ ಸಿಗವಲ್ತು ಅಂತ ಒದರಾಕತ್ತಿರತಾಳ. ಫೋನ್ ಸ್ಪೀಕರ್‌ಗೆ ಹಾಕಿ ಡಬ್ಬಿಗೆ ಆನಿಸಿ ಇಟ್ಟು ನಾ ನನ್ನ ಕೆಲಸ ನಡಿಸಿದ್ದೆ.

"ಮೇಡಂ, ಒಂದ್ ವಿಷಯ ಕೇಳ್ಬೇಕಿತ್ತು, ತಪ್ ತಿಳ್ಕೋಬೇಡಿ... ಮನೇಲಿ ಎಲ್ಲಾ ಸರಿ ಇದೆ ತಾನೆ?"

ಮಿಸ್ಸು ಮೈಸೂರ ಕಡಿಯವರು, ಮಾತು ಭಾಳ ಮೆತ್ತಗ. ನಾ ಹೌದ್ರಿ ಆರಾಮದೇವಿ ಅಂದೆ. ಈ ಕಡಿ ದಪ್ ದಪ್ ದಪ್ ದಪ್. ಅವರು ಎರಡ ಸೆಕೆಂಡ್ ಸುಮ್ಮನಾದ್ರು.

"ಮೇಡಂ... ಅದೇನ್ ಸೌಂಡು?"

"ಏನಿಲ್ರಿ, ಬಡ್ಯಾಕತ್ತೇನ್ರಿ."

ಇಷ್ಟಕ್ಕ ಮುಗದಿದ್ರ ನಡೀತಿತ್ತು. ಅದ ಹೊತ್ತಿಗೆ ನಾಕನೇ ರೊಟ್ಟಿ ಮುಗಿಸಿದ್ದ ನಮ್ಮ ಮನಿಯವರು ಒಳಗಿಂದ ಜೋರಾಗಿ "ಸಾಕ ಬಿಡ ಮಾರಾಯ್ತಿ, ಇನ್ನ ಆಗೂದಿಲ್ಲ ನನಗ!" ಅಂದಬಿಟ್ರು. ದಪ್ ದಪ್. ಫೋನ್‌ನ್ಯಾಗ ಉಸರ ಇಲ್ಲ. ಅತ್ತಿ ಬ್ಯಾರೆ, ಎಲ್ಲಾ ಮಾತಿಗೂ ಒಂದ ಒಗ್ಗರಣಿ ಹಾಕೂ ಚಾಳಿ ಅವರದು, "ಇನ್ನೊಂದ ಎರಡ ತಿನ್ನಲಿ ಬಿಡ, ಗಂಡಮಗ ಅದಾನ" ಅಂದ್ರು. ನಮ್ಮಲ್ಲಿ ರೊಟ್ಟಿನೂ ತಿಂತಾರ, ಹೊಡತಾನೂ ತಿಂತಾರ, ಆ ಮಿಸ್ಸರ ತಲಿಯಾಗ ಯಾವುದು ಬಂತಂತ ನಾ ಹೇಳಬೇಕಾಗಿಲ್ಲ.

ಆಮ್ಯಾಲೆ ಗೊತ್ತಾತು. ಹೋಂವರ್ಕಿಗೆ ಐದು ಕ್ರಿಯಾಪದ ಕೊಟ್ಟಿದ್ರಂತ, ಹಿಟ್, ಬೀಟ್, ಸ್ಟ್ರೈಕ್, ನಾಕ್, ಪ್ಯಾಟ್, ಅರ್ಥದಾಗಿನ ಫರಕ ಗೊತ್ತಾಗೂ ಹಂಗ ವಾಕ್ಯ ಬರೀರಿ ಅಂತ. ಹೇಳಿಕೊಟ್ಟಾಕಿ ನಾನ. ಒಮ್ಮೆ ಬಿದ್ರ ಹಿಟ್, ಮ್ಯಾಲಿಂದ ಮ್ಯಾಲೆ ಬಿದ್ರ ಬೀಟ್, ಗಡಿಯಾರ ಬಡದ್ರ ಸ್ಟ್ರೈಕ್, ಬಾಗಲಾ ಬಡದ್ರ ನಾಕ್ ಅಂತೆಲ್ಲಾ. ನಮ್ಮ ಮಗಳು ಕಣ್ಣಿಗೆ ಕಂಡದ್ದು ಬರದಾಳ: ಮೈ ಮದರ್ ಬೀಟ್ಸ್ ಎವ್ರಿ ಮಾರ್ನಿಂಗ್. ಮೈ ಫಾದರ್ ಈಟ್ಸ್ ಸೈಲೆಂಟ್ಲಿ. ರೊಟ್ಟಿ ಅನ್ನೂ ಒಂದ ಶಬ್ದ ಬಿಟ್ಟಾಳ ನೋಡ್ರಿ, ಅಪ್ಪನ ಮರ್ಯಾದಿ ಹೋತು. ಯಾಕ ಬಿಟ್ಟಿ ಅಂದ್ರ "ಮಮ್ಮಿ, ಸ್ಪೆಲಿಂಗ್ ಬರಲಿಲ್ಲ" ಅಂದ್ಲು.

ಸಿಟ್ಟು ಬಂದದ್ದು ಫೋನಿಗಲ್ಲ. ನೋಟ್‌ಬುಕ್ಕಿನ್ಯಾಗ ಕೆಂಪ ಪೆನ್ನಿಲೆ ಬೀಟ್ಸ್ ಹೊಡದು ಹಾಕಿ ಮ್ಯಾಲೆ ಪ್ಯಾಟ್ಸ್ ಅಂತ ಬರದಿದ್ರು. ಇಂಗ್ಲಿಷಿನ್ಯಾಗ ಅದು ಸರಿ ಇರಬಹುದು, ಅಂಗೈಲೆ ಮೆತ್ತಗ ತಟ್ಟಿದ್ರ ಪ್ಯಾಟ್, ಅವರ ಕಡಿ ಅಕ್ಕಿರೊಟ್ಟಿನೂ ತಟ್ಟತಾರ. ಆದ್ರ ಕೂಸಿನ ಬೆನ್ನಿಗೂ ಪ್ಯಾಟ್, ನನ್ನ ರೊಟ್ಟಿಗೂ ಪ್ಯಾಟ್ ಅಂದ್ರ ಹೆಂಗ್ರಿ? ಎಸರಿನ್ಯಾಗ ನಾದಿದ ಹಿಟ್ಟು ತಿರಗಿಸಿಗೋತ ಬಡಿಯೂ ಹೊತ್ತಿಗೆ ಹೆಗಲ ಬಿದ್ದ ಹೋಗಿರತಾವ. ಅತ್ತಿ ಒಂದ ಮಾತಿನ್ಯಾಗ ತೀರ್ಪು ಕೊಟ್ರು, "ಪ್ಯಾಟ್ ಮಾಡಿದ್ರ ರೊಟ್ಟಿ ಅಲ್ಲ, ಮುದ್ದಿ ಆಗತೇತಿ."

ಬಡಿ ಅನ್ನೂದು ನಮಗ ಎಷ್ಟ ಕೆಲಸಕ್ಕ ಬರತೇತಿ ಅಂದ್ರ, ಹಲಗಿ ಬಡೀತೇವಿ, ಬಾಗಲಾ ಬಡೀತೇವಿ, ಗಾಳಿ ಬಡದ್ರ ಮಂತ್ರಾ ಹಾಕಸತೇವಿ, ರಿಸಲ್ಟ್ ಬಂದ ದಿನ ಎದಿ ಬಡಕೊಂತೇವಿ, ಒಂದ ಶಬ್ದದಾಗ ಇಡೀ ಸಂಸಾರ ನಡೀತೇತಿ. ಇಂಗ್ಲಿಷಿನವರಿಗೆ ಒಂದೊಂದಕ್ಕ ಒಂದೊಂದು. ಅಷ್ಟ ಶಿಸ್ತ ಇದ್ದವರು ಬೀಟ್ ಒಂದನ್ನ ಮಾತ್ರ ತತ್ತಿ ಕಲಸಾಕೂ, ಮ್ಯಾಚ್ ಗೆಲ್ಲಾಕೂ, ಪೊಲೀಸಪ್ಪ ರಾತ್ರಿ ತಿರಗಾಡೂದಕ್ಕೂ ಇಟ್ಟಾರ, ಅದನ್ನ ಯಾರೂ ಕೇಳಂಗಿಲ್ಲ.

ರಾತ್ರಿ ಹೊಸ ಹೋಂವರ್ಕ್ ಬಂತು. ರೈಸ್, ರೇಜ್, ಸಿಂಕ್, ಡ್ರೌನ್, ಸಬ್‌ಮರ್ಜ್. ಮೊದಲಿನ ಎರಡು ಸಸಾರ, ಊರಾಗ ಎಲ್ಲಾರ ಬಾಯಾಗೂ ಆಲಮಟ್ಟಿ ಡ್ಯಾಮಿನ ಸುದ್ದಿನ ಐತೆಲ್ಲಾ. ನೀರು ತಾನ ಏರಿದ್ರ ರೈಸ್, 519.60 ಮೀಟರ್ ಇದ್ದ ಮಟ್ಟಾನ 524.256ಕ್ಕ ಏರಸತೇವಿ ಅಂದ್ರ ರೇಜ್, ನಮ್ಮಲ್ಲಿ ಒಂದ 'ಸು' ಹಚ್ಚಿದ್ರ ಮುಗೀತು. ಮುಂದಿನವು ಹೇಳಿದೆ, ಜೀವ ಇದ್ದದ್ದು ನೀರಾಗ ಸತ್ರ ಡ್ರೌನ್, ಭಾರಕ್ಕ ತಾನ ತಳ ಸೇರಿದ್ರ ಸಿಂಕ್, ಇದ್ದಲ್ಲೇ ಇದ್ದಾಗ ನೀರು ಮ್ಯಾಲೆ ಬಂದ್ರ ಸಬ್‌ಮರ್ಜ್. ಆ ಡ್ಯಾಮಿನ ನೀರಾಗ ಹೋದ ನಮ್ಮ ಹಳೇ ಊರಿನ ಮುಳುಗಡಿ ಏರಿಯಾ ಸಬ್‌ಮರ್ಜ್ ಅಂದೆ.

ಅತ್ತಿ ಅಡಕಿ ಕತ್ತರಸೂದು ನಿಲ್ಲಿಸಿದ್ರು. "ಊರಿಗೆ ಜೀವ ಇರಲಿಲ್ಲಂತ ಯಾರ ಹೇಳಿದ್ರು ನಿನಗ?"

ಆಮ್ಯಾಲೆ ಅವರು ಹೇಳಿದ್ದು ಊರ ಸುದ್ದಿ ಅಲ್ಲ, ಸಪ್ಪಳದ ಸುದ್ದಿ. ಗ್ವಾಡಿಗೆ ಗ್ವಾಡಿ ಹತ್ತಿದ ಮನಿಗಳಂತ, ಮುಂಜಾನಿ ಓಣಿತುಂಬ ರೊಟ್ಟಿ ಬಡಿಯೂ ಸಪ್ಪಳ, ಯಾರ ಕೈ ಯಾವುದಂತ ಕಣ್ಣ ಮುಚ್ಚಿ ಹೇಳತಿದ್ರಂತ. ಒಂದ ಮನಿಯಾಗ ಸಪ್ಪಳ ಕೇಳಲಿಲ್ಲಂದ್ರ ಏನಾತೋ ಯವ್ವಾ ಅಂತ ಹೋಗಿ ಬಾಗಲಾ ಬಡದು ಕೇಳತಿದ್ರಂತ. ಮಿಸ್ಸು ಸಪ್ಪಳ ಕೇಳಿ ಗಾಬರಿ ಆದ್ರು, ಇವರು ಸಪ್ಪಳ ಇಲ್ದಿದ್ರ ಗಾಬರಿ ಆಗತಿದ್ರು. ಈಗ ನಮ್ಮ ಸೆಕ್ಟರಿನ್ಯಾಗ ಬಾಜೂ ಮನಿಯವರು ರೊಟ್ಟಿ ಪಾಕೀಟ ತರತಾರ, ಸಪ್ಪಳಾನೂ ಇಲ್ಲ, ಕೇಳಾಕ ಹೋಗೂದೂ ಇಲ್ಲ.

ಮಗಳು ಪೆನ್ಸಿಲ್ ಕಚ್ಚಿಗೋತ ಕುಂತಾಕಿ ಡ್ರೌನ್ ಮುಂದ ಬರದ್ಲು: ಮೈ ಆಯೀಸ್ ಟೌನ್ ಡ್ರೌನ್ಡ್. ನಾ ತಿದ್ದಾಕ ರಬ್ಬರ್ ತೊಗೊಂಡೆ, ಅತ್ತಿ ಮಾರಿ ನೋಡಿ ಮತ್ತ ಕಂಪಾಸ್ ಡಬ್ಬಿಗೆ ಹಾಕಿದೆ. ಮಿಸ್ಸರ ಫೋನ್ ಬಂದ್ರ ಬರಲಿ, ಏಳೂವರಿಗೆ ಮಾತ್ರ ಬ್ಯಾಡ.