ಬೆನ್ನಲ್ಲ, ಹೊಟ್ಟೆ ನೋಡಬೇಕು

ಜಿಗಣೆ ಚಿಕಿತ್ಸೆ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಯುರೋಪ್, ಅಮೆರಿಕದ ಆಸ್ಪತ್ರೆಗಳಲ್ಲಿ ಬಳಸುವ ಜಿಗಣೆ 'ಹಿರುಡೊ ಮೆಡಿಸಿನಾಲಿಸ್' ಎಂಬ ಜಾತಿ ಎಂದು ಬರೆದಿದ್ದೀರಿ. ಅದನ್ನು ದಯವಿಟ್ಟು ತಿದ್ದಿ. 2007ರಲ್ಲಿ ಜಿಗಣೆ ಸಂಶೋಧಕ ಮಾರ್ಕ್ ಸಿಡಾಲ್ ಮತ್ತು ಸಂಗಡಿಗರು, ಚಿಕಿತ್ಸೆಗೆಂದು ಮಾರಾಟಕ್ಕೆ ಸಿಗುವ ಜಿಗಣೆಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಮೆಡಿಸಿನಾಲಿಸ್ ಹೆಸರಲ್ಲಿ ಮಾರಾಟವಾಗುತ್ತಿದ್ದವು ನಿಜಕ್ಕೂ 'ಹಿರುಡೊ ವರ್ಬಾನಾ' ಎಂಬ ಬೇರೆ ಜಾತಿಯವಾಗಿದ್ದವು! ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಅನುಮತಿ ಕೊಟ್ಟಿದ್ದು ಮೆಡಿಸಿನಾಲಿಸ್‌ಗೆ. ಹಾಗಾಗಿ ಇದು ಸುಮ್ನೆ ಹೆಸರಿನ ತಕರಾರಲ್ಲ.

ಕಣ್ಣಿಂದಲೂ ಸಾಕಷ್ಟು ಗುರುತು ಹಿಡಿಯಬಹುದು. ಬೆನ್ನಿನ ಕಿತ್ತಳೆ ಗೆರೆಗಳನ್ನು ಜಾಸ್ತಿ ನಂಬಬೇಡಿ, ಅವು ಒಂದೊಂದರಲ್ಲಿ ಒಂದೊಂದು ಥರ ಇರುತ್ತವೆ. ಮಗುಚಿ ಹೊಟ್ಟೆ ನೋಡಿ. ವರ್ಬಾನಾದ ಹೊಟ್ಟೆ ಒಂದೇ ಬಣ್ಣ, ಹಸಿರು ಛಾಯೆ, ಎರಡೂ ಅಂಚಿನಲ್ಲಿ ಕಪ್ಪು ಪಟ್ಟಿ. ಮೆಡಿಸಿನಾಲಿಸ್‌ನ ಹೊಟ್ಟೆ ತುಂಬಾ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳು. 'ಹಿರುಡೊ ಓರಿಯೆಂಟಾಲಿಸ್' ಎಂಬ ಇನ್ನೊಂದು ಜಾತಿಯೂ ಇದೆ. ಅದರ ಕಪ್ಪು ಹೊಟ್ಟೆಯ ಮೇಲೆ ತಿಳಿ ಬಣ್ಣದ ಗುರುತುಗಳು ಜೋಡಿಜೋಡಿಯಾಗಿ, ಸಾಲಾಗಿ ಬರುತ್ತವೆ. ಅನುಮಾನ ಉಳಿದರೆ ಡಿಎನ್‌ಎ ಪರೀಕ್ಷೆಯೇ ಗತಿ.

ನಮ್ಮ ಕೆರೆ, ಗದ್ದೆಗಳಲ್ಲಿ ದನಕ್ಕೆ ಹತ್ತುವ ದೊಡ್ಡ ಜಿಗಣೆ ಇವುಗಳಲ್ಲಿ ಯಾವುದೂ ಅಲ್ಲ. ಅದು 'ಹಿರುಡಿನೇರಿಯಾ', ಬೇರೆಯೇ ಕುಲ. ನಮ್ಮ ಆಯುರ್ವೇದ ಚಿಕಿತ್ಸೆಯಲ್ಲಿ ಬಳಕೆಯಾಗುವುದು ಹೆಚ್ಚಾಗಿ ಇದೇ. ಮೇಲಿನ ಪ್ರತಿಕ್ರಿಯೆಯಲ್ಲಿ ಒಬ್ಬರು ಮಲೆನಾಡಿನ ಇಂಬಳವನ್ನೂ ಚಿಕಿತ್ಸೆಗೆ ಬಳಸಬಹುದಾ ಎಂದು ಕೇಳಿದ್ದಾರೆ. ಬೇಡ. ಇಂಬಳ ನೆಲದ ಮೇಲೆ ಬದುಕುವ ಬೇರೆ ಕುಟುಂಬದ ಜೀವಿ. ಕಾಡಿನಿಂದ ಹಿಡಿದು ತಂದಿದ್ದನ್ನು ಗಾಯಕ್ಕೆ ಹಚ್ಚಿಕೊಂಡರೆ ಸೋಂಕಿನ ಭಯವೂ ಇದೆ, ಅಲ್ವಾ?

ಲೇಖನದಲ್ಲಿ ಬೆನ್ನಿನ ಚಿತ್ರ ಮಾತ್ರ ಇದೆ. ಹೊಟ್ಟೆಯದ್ದೂ ಒಂದು ಹಾಕಿ.