ವೈಪರ್ ಎತ್ತಿದರೆ ಕಾರು ತೊಳೆದಂತೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕಾರು ಇಟ್ಟುಕೊಂಡವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಲಿಫ್ಟ್ ಇಳಿದು ಬೇಸ್‌ಮೆಂಟಿಗೆ ಬಂದರೆ ಕಾರುಗಳ ವೈಪರ್‌ಗಳೆಲ್ಲ ಗಾಜಿನಿಂದ ಮೇಲೆದ್ದು, ಹಾಜರಿ ಕೂಗುವಾಗ ಕೈ ಎತ್ತಿದ ಶಾಲಾಮಕ್ಕಳಂತೆ ಸಾಲಾಗಿ ನಿಂತಿರುತ್ತವೆ. ಕಾರು ತೊಳೆಯುವವನು ಬಂದು ಹೋಗಿದ್ದಾನೆ ಎಂಬುದಕ್ಕೆ ಅದು ರುಜು. ತಿಂಗಳ ಕೊನೆಗೆ ಅವನ ಸಂಬಳಕ್ಕೂ ಅದೇ ದಾಖಲೆ.

ಇವತ್ತು ನನ್ನ ಕಾರಿನ ವೈಪರ್‌ಗಳೂ ನಿಯಮದಂತೆ ಎದ್ದು ನಿಂತಿದ್ದವು. ಅವುಗಳ ಕೆಳಗೆ, ಹೋದ ವಾರದ ಮಳೆಯಲ್ಲಿ ಅವೇ ಮೂಡಿಸಿದ ಬೀಸಣಿಗೆಯಾಕಾರದ ಕೆಸರಿನ ಗೆರೆ ಒಂದಿಷ್ಟೂ ಮಾಸದೆ ಹಾಗೆಯೇ ಇತ್ತು. ಬಾನೆಟ್ಟಿನ ನಡುವೆ ಪಾರಿವಾಳದ ಹಿಕ್ಕೆಯೊಂದು ಒಣಗಿ ಕಲ್ಲಾಗಿತ್ತು. ಅಷ್ಟರಲ್ಲಿ ಆತ ಕಂಬದ ಮರೆಯಿಂದ ಬಂದುದರಿಂದ ವಿಚಾರಣೆ ಸ್ಥಳದಲ್ಲಿಯೇ ನಡೆಯಿತು.

"ಏನಪ್ಪಾ, ಇವತ್ತು ಕಾರು ಒರೆಸಲಿಲ್ಲವಾ?"

"ಒರೆಸಿದೀನಲ್ಲ ಸಾರ್, ವೈಪರ್ ನೋಡಿ."

"ಮತ್ತೆ ಈ ಹಿಕ್ಕೆ?"

"ಅದು ಒರೆಸಿದ ಮೇಲೆ ಬಿದ್ದಿದ್ದು ಸಾರ್."

"ಇಷ್ಟು ಬೇಗ ಒಣಗಿಬಿಟ್ಟಿತಾ?"

"ಬಿಸಿಲು ಸಾರ್."

ನಾವಿಬ್ಬರೂ ನಿಂತಿದ್ದುದು ನೆಲದಿಂದ ಎರಡು ಅಂತಸ್ತು ಕೆಳಗಿನ ಬೇಸ್‌ಮೆಂಟಿನಲ್ಲಿ. ಕಟ್ಟಡ ಕಟ್ಟಿದಂದಿನಿಂದ ಸೂರ್ಯನಿಗೆ ಅಲ್ಲಿ ಪ್ರವೇಶವಿಲ್ಲ. ಆದರೂ ಆತ ಆ ಮಾತನ್ನು ಹೇಳಿದ ಗಾಂಭೀರ್ಯ ಎಂಥದ್ದೆಂದರೆ, ನಾನು ಒಮ್ಮೆ ತಲೆಯೆತ್ತಿ ಟ್ಯೂಬ್‌ಲೈಟಿನತ್ತ ನೋಡಿದೆ.

ಆತ ನಿಜಕ್ಕೂ ಒರೆಸಿದ ದಿನಗಳ ಕಥೆ ಇದಕ್ಕಿಂತ ಘೋರವಾದದ್ದು. ಒಂದು ಬಕೆಟ್ ನೀರು, ಒಂದು ಹಳೆಯ ಬನಿಯನ್ನು. ಇಡೀ ಸಾಲಿನ ಕಾರುಗಳಿಗೆ ಅಷ್ಟೇ ಬಂಡವಾಳ. ಸಾಲಿನ ಮೊದಲ ಕಾರಿನವರು ವಾರಾಂತ್ಯಕ್ಕೆ ಸಕಲೇಶಪುರಕ್ಕೆ ಹೋಗಿ ಬರುವ ಉತ್ಸಾಹಿಗಳು. ಅವರ ಕಾರಿನ ಕೆಮ್ಮಣ್ಣು ಬಕೆಟ್ಟಿಗಿಳಿದು, ಅಲ್ಲಿಂದ ಬನಿಯನ್ನಿಗೇರಿ, ಸಾಲಿನ ಕೊನೆಯಲ್ಲಿ ನಿಂತ ನನ್ನ ಕಾರಿನ ಮೇಲೆ ಸಮನಾಗಿ ಹರಡುತ್ತದೆ. ಹೊರವರ್ತುಲ ರಸ್ತೆಯನ್ನು ದಾಟಿ ಹೋಗದ ನನ್ನ ಕಾರಿಗೆ ಹೀಗೆ ಮಲೆನಾಡಿನ ಮಣ್ಣಿನ ಯೋಗ ಕೂಡಿಬಂದಿದೆ. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ತಲೆಗೂದಲಿಗಿಂತಲೂ ತೆಳು. ಅದರ ಮೇಲೆ ಮರಳು ಬೆರೆತ ಬಟ್ಟೆಯನ್ನು ದಿನಾ ಗುಂಡಗೆ ತಿರುಗಿಸಿ ಉಜ್ಜಿದರೆ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ರಾತ್ರಿ ಪೆಟ್ರೋಲ್ ಬಂಕಿನ ದೀಪದಡಿ ಕಪ್ಪು ಕಾರೊಂದನ್ನು ನಿಲ್ಲಿಸಿದರೆ ಸಾಕು. ಬಾನೆಟ್ಟಿನ ತುಂಬ ಸುತ್ತುಸುತ್ತಾದ ಸಣ್ಣ ಗೀರುಗಳು ಹೊಳೆಯುತ್ತವೆ.

ಹಾಗಾದರೆ ನೀವೇ ಪೈಪು ಹಿಡಿದು ತೊಳೆಯಬಾರದೇ ಎನ್ನುವವರು 2024ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ನೀರಿನ ಬರ ಬಂದಿದ್ದ ಆ ಬೇಸಿಗೆಯಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅದೇ ತಿಂಗಳು 22 ಕುಟುಂಬಗಳು ಒಟ್ಟು 1.1 ಲಕ್ಷ ರೂಪಾಯಿ ಕಟ್ಟಿದವು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿಸಿ ತರುವ ಕಾವೇರಿಯನ್ನು ಟೈರಿನ ಮೇಲೆ ಸುರಿಯುವುದು ತಪ್ಪೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಉಳಿದದ್ದು ಬೋರ್‌ವೆಲ್ ನೀರು. ಅದರ ಗಡಸುತನ ಎಷ್ಟೆಂದರೆ, ತೊಳೆದು ಒರೆಸುವಷ್ಟರಲ್ಲಿ ಹನಿಹನಿಯೂ ಒಣಗಿ ಸುಣ್ಣದ ಚುಕ್ಕಿಯಾಗಿ, ಕಾರಿಗೆ ತೊನ್ನು ಹತ್ತಿದಂತೆ ಕಾಣುತ್ತದೆ.

ಆದ್ದರಿಂದ ಹಿಂದೊಂದು ಭಾನುವಾರ ಆಟೋಮ್ಯಾಟಿಕ್ ಕಾರ್ ವಾಷ್‌ನ ಸರದಿಯಲ್ಲಿ ನಿಂತಿದ್ದೆ. ನೀರನ್ನು ಸೋಸಿ ಮತ್ತೆ ಬಳಸುತ್ತೇವೆಂದು ಅಲ್ಲಿ ಫಲಕ ಹಾಕಿದ್ದರು, ಮನಸ್ಸಿಗೆ ಸಮಾಧಾನವಾಯಿತು. ಗಾಜು ಏರಿಸಿ, ಕನ್ನಡಿ ಮಡಚಿ, ಆಂಟೆನಾ ಬಿಚ್ಚಿ, ನ್ಯೂಟ್ರಲ್‌ನಲ್ಲಿಟ್ಟು ಬ್ರೇಕಿನಿಂದ ಕಾಲು ತೆಗೆಯಿರಿ ಎಂದು ಹುಡುಗನೊಬ್ಬ ಹೇಳಿದ. ಮೂರು ಬಣ್ಣದ ನೊರೆ ಸುರಿಯಿತು, ಕಿಟಕಿಯಾಚೆ ಆಳೆತ್ತರದ ಬ್ರಷ್‌ಗಳು ಗಿರಗಿರನೆ ತಿರುಗಿದವು, ಹಿಂದಿನ ಸೀಟಿನಲ್ಲಿದ್ದ ಮಗಳು ಚಪ್ಪಾಳೆ ತಟ್ಟಿದಳು. ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ನಿಜ; ಆದರೆ ಕಣ್ಣೂ ಇಲ್ಲ. ಬಾಗಿಲ ಹಿಡಿಕೆಯ ಹಿಂದಿನ ಗುಳಿ, ಚಕ್ರದ ಮೇಲಿನ ಕಮಾನು, ಪೆಟ್ರೋಲ್ ಮುಚ್ಚಳದ ಒಳಗು, ಎಂದರೆ ಕೊಳೆ ನಿಜವಾಗಿ ಸಂಸಾರ ಹೂಡಿರುವ ಜಾಗಗಳೆಲ್ಲ ಹಾಗೆಯೇ ಉಳಿದವು. ಹೊರಗೆ ಬಂದರೆ ನಾಲ್ವರು ಹುಡುಗರು ಕೈಯಲ್ಲಿ ಬಟ್ಟೆ ಹಿಡಿದು ಕಾಯುತ್ತಿದ್ದರು. ಡೆಟ್ರಾಯಿಟ್ ನಗರದಲ್ಲಿ 1914ರಲ್ಲಿ ಶುರುವಾದ ಮೊದಲ 'ಆಟೋಮೇಟೆಡ್' ವಾಷ್‌ನಲ್ಲಿಯೂ ಕಾರನ್ನು ತಳ್ಳುತ್ತಿದ್ದವರು, ಸೋಪು ಹಚ್ಚುತ್ತಿದ್ದವರು ಮನುಷ್ಯರೇ ಅಂತೆ. ಪರಂಪರೆಗೆ ಭಂಗ ಬಂದಿಲ್ಲ. ಆ ಹುಡುಗರು ಒರೆಸಿ ಮುಗಿಸಿದ ಮೇಲೆ ಮಡಚಿದ್ದ ಕನ್ನಡಿಯನ್ನು ಬಿಡಿಸಿದೆ. ಅದರ ಹೊಟ್ಟೆಯೊಳಗೆ ಅಡಗಿದ್ದ ನೀರೆಲ್ಲ ಆಗ ತಾನೇ ಒಣಗಿದ ಬಾಗಿಲಿನ ಮೇಲೆ ಧಾರೆಯಾಗಿ ಇಳಿಯಿತು.

ಹಾಸನದಲ್ಲಿ ಅಪ್ಪ ಆಯುಧಪೂಜೆಯ ಹಿಂದಿನ ದಿನ ಪ್ರೀಮಿಯರ್ ಪದ್ಮಿನಿ ತೊಳೆಯುತ್ತಿದ್ದ ಕ್ರಮವೇ ಬೇರೆ. ಬಾವಿಯಿಂದ ನೀರು ಸೇದುವುದು ಅಣ್ಣನ ಪಾಲು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮುಂದಿನ ಗ್ರಿಲ್ಲಿನ ಸಂದು ತಿಕ್ಕುವುದು ನನ್ನ ಪಾಲು, ಒದ್ದೆ ಮಾಡಿದ ದಿನಪತ್ರಿಕೆಯಿಂದ ಗಾಜು ಒರೆಸುವುದನ್ನು ಮಾತ್ರ ಅಪ್ಪ ಯಾರಿಗೂ ಬಿಡುತ್ತಿರಲಿಲ್ಲ. ಕಾರಿನ ಮೈಮೇಲಿನ ಒಂದೊಂದು ತಗ್ಗೂ ಯಾವ ಊರಿನ ಯಾವ ತಿರುವಿನಲ್ಲಿ ಆದದ್ದೆಂಬುದು ಅವರ ಅಂಗೈಗೆ ಗೊತ್ತಿತ್ತು. ನನ್ನ ಕಾರಿನ ಹಿಂಬಾಗಿಲಿನ ಉದ್ದನೆಯ ಗೀರನ್ನು ನನಗೆ ಮೊದಲು ತೋರಿಸಿದ್ದು ಸರ್ವಿಸ್ ಸೆಂಟರಿನ ಅಪರಿಚಿತ. ಅದು ಹಳೆಯದು ಎಂದೂ ಆತನೇ ತಿಳಿಸಿದ.

ಈ ವಿಚಾರವೆಲ್ಲ ಬೇಸ್‌ಮೆಂಟಿನವನಿಗೆ ಸಂಬಂಧಿಸಿದ್ದಲ್ಲ. ಹಿಕ್ಕೆಯ ಪ್ರಕರಣ ಮುಗಿಯಿತೆಂದು ಭಾವಿಸಿದ ಆತ, ಮುಂದಿನ ತಿಂಗಳಿನಿಂದ ನೂರು ರೂಪಾಯಿ ಜಾಸ್ತಿ ಕೊಡಬೇಕೆಂದು ಕೇಳಿದ. ಕಾರಣ ಕೇಳಿದರೆ, "ನೀರಿನ ರೇಟು ಏರಿಸಿದಾರಲ್ಲ ಸಾರ್" ಎಂದ. ದರ ಏರಿದ್ದು 2025ರ ಏಪ್ರಿಲ್‌ನಲ್ಲಿ, ಮನೆಬಳಕೆಗೆ ಲೀಟರಿಗೆ ಹೆಚ್ಚೆಂದರೆ ಒಂದು ಪೈಸೆ. ಆತನ ಬಕೆಟ್ ಹಿಡಿಸುವುದು ಹದಿನೈದು ಲೀಟರು. ಹದಿನೈದು ಪೈಸೆಯ ಈ ಲೆಕ್ಕವನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಆತ ಪಕ್ಕದ ಕಾರಿನ ವೈಪರ್ ಎತ್ತಲು ಹೋಗಿಯಾಗಿತ್ತು.